ಹಿಡಿತದ ಹದ

ನಂಜನಗೂಡು ತಾಲ್ಲೂಕಿನ ಹೆಡತಲೆಯು ಲಕ್ಷ್ಮೀಕಾಂತಸ್ವಾಮಿಯ ದೇವಾಲಯದಿಂದ ಪ್ರಸಿದ್ಧವಾದ ಗ್ರಾಮ. ಊರಿನ ಹೆಸರಿನ ವಿಚಾರ ಹಾಗಿರಲಿ. ಹೆಡತಲೆಯೆಂದರೆ ಕನ್ನಡದಲ್ಲಿ ತಲೆಯ ಹಿಂಭಾಗವೆಂಬ ಅರ್ಥವೂ ಉಂಟಷ್ಟೆ. ಕೈಯ ಹಿಡಿತವನ್ನು ಹದದಲ್ಲಿರಿಸುವ ಅನುಮಸ್ತಿಷ್ಕವೆಂಬ ಕಿರುಮೆದುಳು ನೆಲೆಸಿರುವುದು ಅಲ್ಲಿಯೇ. ಈ ತಿಂಗಳು ಅದರ ವಿಷಯವನ್ನೇ ವಾಚಕರ ಮುಂದಿಡುತ್ತೇವೆ.

ನೀರು ತುಂಬಿದ ಚೊಂಬನ್ನೆತ್ತುವಾಗ ಬೆರಳುಗಳಿಗೆ ಯಾರೂ ಅಪ್ಪಣೆ ಕೊಡುವುದಿಲ್ಲ. ಭಾರವೇರಿದಂತೆ ಹಿಡಿತವೂ ಒಡನೆಯೇ ಏರುವುದು. ಜಾರದಿರಲು ಎಷ್ಟು ಬಲ ಬೇಕೋ ಅದಕ್ಕಿಂತ ತುಸು ಹೆಚ್ಚು, ಅಷ್ಟೇ. ಭಾರ ತಿಳಿದ ಮೇಲೆ ಬಿಗಿಮಾಡುವೆನೆಂದರೆ ಅಷ್ಟರಲ್ಲಿ ಚೊಂಬು ಜಾರೀತು. ಆದಕಾರಣ ಅನುಮಸ್ತಿಷ್ಕವು ಹಿಂದಿನ ಅನುಭವದಿಂದ ಮೊದಲೇ ಅಂದಾಜು ಕಟ್ಟಿ ಬೆರಳುಗಳನ್ನು ಸಿದ್ಧಗೊಳಿಸಿರುತ್ತದೆ.

ಚಲನೆಯಲ್ಲಿ ಹೊಂದಾಣಿಕೆ ತಪ್ಪುವ ಈ ವ್ಯಾಧಿಗೆ ವೈದ್ಯರು ಅಟಾಕ್ಸಿಯಾ ಎನ್ನುವರು. ಗ್ರೀಕ್ ಪದ, ಸಂಸ್ಕೃತದಲ್ಲಿರುವಂತೆಯೇ ಅಲ್ಲಿಯೂ ಮೊದಲ ಅಕಾರವು ನಿಷೇಧಾರ್ಥಕ. ಕ್ರಮವಿಲ್ಲದಿರುವಿಕೆಯೆಂದು ತಾತ್ಪರ್ಯ. ಇಂಥವರ ಕೈಯಿಂದ ಮಜ್ಜಿಗೆ ಚೆಲ್ಲಿದರೆ ಮನೆಯವರ ಬಾಯಿಂದ ಹೊರಡುವ ಮೊದಲ ಮಾತು, ‘ಗಟ್ಟಿಯಾಗಿ ಹಿಡಿಯಬಾರದೆ?’ ಎಂಬುದು. ಪರೀಕ್ಷಿಸಿದವರು ಕಂಡಿರುವುದು ಇದಕ್ಕೆ ವಿರುದ್ಧ. ರೋಗಿಯು ಅನೇಕ ವೇಳೆ ಬೇಕಾದುದಕ್ಕಿಂತ ಗಟ್ಟಿಯಾಗಿಯೇ ಹಿಡಿದಿರುತ್ತಾನೆ! ಅವನ ಹಿಡಿತಕ್ಕೂ ಭಾರಕ್ಕೂ ಕಾಲ ಕೂಡಿಬರುವುದಿಲ್ಲ. ಗದರಿದರೆ ಇನ್ನಷ್ಟು ಬಿಗಿಯುವನು, ಇನ್ನಷ್ಟು ಚೆಲ್ಲುವನು. ತೂರಾಡುವ ನಡಗೆಯನ್ನು ಕಂಡು ಕುಡುಕನೆಂದು ಆಡಿಕೊಳ್ಳುವವರೂ ಉಂಟು. ಅದು ರೋಗಕ್ಕಿಂತ ಕ್ರೂರವೆಂದು ನಮ್ಮ ಭಾವನೆ.

ಮೊದಲನೆಯ ಮಹಾಯುದ್ಧದಲ್ಲಿ ತಲೆಯ ಹಿಂಭಾಗಕ್ಕೆ ಗುಂಡುತಗುಲಿದ ಸೈನಿಕರನ್ನು ಗಾರ್ಡನ್ ಹೋಮ್ಸ್ ಎಂಬ ವೈದ್ಯನು ಪರೀಕ್ಷಿಸಿ 1917ರಲ್ಲಿ ಬರೆದನು. ಅನುಮಸ್ತಿಷ್ಕದ ಯಾವ ಪಾರ್ಶ್ವಕ್ಕೆ ಪೆಟ್ಟೋ ಆ ಪಾರ್ಶ್ವದ ಕೈಯೇ ಕೆಡುವುದರಿಂದ, ಒಬ್ಬನಲ್ಲಿಯೇ ಕೆಟ್ಟ ಕೈಯನ್ನೂ ನೆಟ್ಟಗಿರುವ ಕೈಯನ್ನೂ ಹೋಲಿಸಿ ನೋಡುವುದು ಸಾಧ್ಯವಾಯಿತು. ಕೆಟ್ಟ ಕೈಗೆ ಹಿಡಿಯುವುದರಲ್ಲಿಯೂ ತಡ, ಬಿಡುವುದರಲ್ಲಿಯೂ ತಡ.

ಕೆಲವು ಅಟಾಕ್ಸಿಯಾಗಳು ವಂಶಾನುಗತವಾದವು. ಬಿ12 ಜೀವಸತ್ತ್ವದ ಕೊರತೆ, ಥೈರಾಯಿಡ್ ಗ್ರಂಥಿಯ ದೋಷ, ಮದ್ಯ, ಮೂರ್ಛೆರೋಗದ ಕೆಲವು ಔಷಧಗಳ ಅತಿಮಾತ್ರೆ ಇವುಗಳಿಂದ ಬರುವವೂ ಉಂಟು. ಇವನ್ನು ಬೇಗ ಗುರುತಿಸಿದರೆ ಚಿಕಿತ್ಸೆಯಿದೆ. ಆದರೆ ಔಷಧವನ್ನು ತಾವಾಗಿಯೇ ನಿಲ್ಲಿಸಕೂಡದು. 1974ರಲ್ಲಿ ಏರ್ಪಟ್ಟ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಇಂಥ ನರರೋಗಗಳ ಪರೀಕ್ಷೆ ನಡೆಯುತ್ತದೆ. ಥಟ್ಟನೆ ಕೈ ತಪ್ಪಿ ನಡಗೆ ತೂರಾಡಿದರೆ ಮಾತ್ರ ಅಷ್ಟು ದೂರವನ್ನೆಣಿಸದೆ, ಆ ಗಳಿಗೆಯಲ್ಲಿಯೇ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗತಕ್ಕದ್ದು.

ಮನೆಯಲ್ಲಿ ಮಾಡಬಹುದಾದುದು ಬಹಳವಿಲ್ಲ, ಆದರೆ ಇದೆ. ಲೋಟದಲ್ಲಿ ಅರ್ಧವೇ ತುಂಬಿಸಿ, ಮುಚ್ಚಳವೂ ಹಿಡಿಯೂ ಇರುವುದನ್ನು ಕೊಡಿರಿ. ಮೊಳಕೈಯನ್ನು ಮೇಜಿನ ಮೇಲೂರಿ, ಎರಡು ಕೈಗಳಿಂದಲೂ ಎತ್ತಲಿ. ಎತ್ತುವ ಹೊತ್ತಿನಲ್ಲಿ ಅವರನ್ನು ಮಾತಿಗೆಳೆಯಬೇಡಿರಿ. ಕುದಿಯುವ ಸಾರಿನ ಪಾತ್ರೆಯನ್ನು ಮಾತ್ರ ಬೇರೆಯವರೇ ಇಳಿಸತಕ್ಕದ್ದು.