ಒಂದೇ ಕೀಲಿಮಣೆ, ಎರಡು ಲಿಪಿ

ಹುಡುಗ ಕಂಪ್ಲಿಯವನು, ಹುಡುಗಿ ಹೊಸಪೇಟೆಯ ನಮ್ಮ ಮನೆಯವಳು. ಮದುವೆ ಕಾರ್ಡಿನಲ್ಲಿ ಎಡಕ್ಕೆ ಕನ್ನಡ, ಬಲಕ್ಕೆ ಉರ್ದು. ಡಿ.ಟಿ.ಪಿ. ಅಂಗಡಿಯ ಹುಡುಗ ಕನ್ನಡವನ್ನು ತಾನೇ ಹೊಡೆದ. ಉರ್ದುವನ್ನು ಬೇರೆಯವರಿಂದ ಇನ್‌ಪೇಜ್‌ನಲ್ಲಿ ಮಾಡಿಸಿ, ಚಿತ್ರವಾಗಿಸಿ ಅಂಟಿಸಿದ. ಕೊನೆಗಳಿಗೆಯಲ್ಲಿ ನಿಕಾಹ್ ವೇಳೆ ಹನ್ನೊಂದರಿಂದ ಹನ್ನೆರಡಕ್ಕೆ ಹೋಯಿತು. ಕನ್ನಡ ತಿದ್ದಿದ, ಚಿತ್ರ ತಿದ್ದಲು ಬರದೆ ಬಿಟ್ಟ. ಉರ್ದು ಓದಿದ ಹಿರಿಯರು ಹನ್ನೊಂದಕ್ಕೇ ಬಂದು ಕೂತರು, ಕನ್ನಡ ಓದಿದ ಅಕ್ಕಪಕ್ಕದವರು ಹನ್ನೆರಡಕ್ಕೆ ಬಂದರು. ಹಿರಿಯರ ಮುನಿಸು ಬಿರಿಯಾನಿಗೂ ಇಳಿಯಲಿಲ್ಲ.

ಆ ಹುಡುಗನನ್ನು ಬೈದು ಪ್ರಯೋಜನವಿಲ್ಲ. ಒಂದು ಯಂತ್ರಕ್ಕೆ ಒಂದೇ ಭಾಷೆ ಎಂದು ನಂಬಿ ಕೂತವರು ನಾವು.

ಹಳೆಯ ನುಡಿ, ಬರಹ ಫಾಂಟುಗಳ ಅಕ್ಷರ ಕಣ್ಣಿಗೆ ಕನ್ನಡ, ಕಂಪ್ಯೂಟರಿನ ಲೆಕ್ಕದಲ್ಲಿ ಇಂಗ್ಲಿಷ್ ಸಂಕೇತ. ಆ ಫಾಂಟ್ ಇಲ್ಲದ ಕಡೆ ತೆರೆದರೆ ಬರೀ ಗೀಚು. ಆದರೆ 1991ರಲ್ಲಿ ಬಂದ ಯೂನಿಕೋಡ್ ಕನ್ನಡಕ್ಕೂ ಅರಬಿ ಲಿಪಿಗೂ ಬೇರೆ ಬೇರೆ ಜಾಗ ಕೊಟ್ಟಿತು. ಉರ್ದುವಿನ ಟೇ, ಡಾಲ್, ಬಡೀ ಯೇ ಎಲ್ಲವೂ ಅಲ್ಲಿವೆ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಇವೆರಡನ್ನೂ ಕೂರಿಸಲು ಸಿ.ಡಿ. ಹುಡುಕಬೇಕಿತ್ತು, ಅದು ಕಷ್ಟವೇ. ಈಗ ಸೆಟ್ಟಿಂಗ್ಸ್‌ನ ಭಾಷೆಯ ಪುಟದಲ್ಲಿ ಕನ್ನಡ, ಉರ್ದು ಸೇರಿಸಿದರೆ ಸಾಕು. ವಿಂಡೋಸ್ ಗುಂಡಿ ಹಿಡಿದು ಸ್ಪೇಸ್ ಒತ್ತಿ: ಕನ್ನಡ. ಮತ್ತೆ ಒತ್ತಿ: ಉರ್ದು, ಅಕ್ಷರಗಳು ತಾವೇ ಬಲದಿಂದ ಎಡಕ್ಕೆ ಸಾಗುತ್ತವೆ. ಕನ್ನಡಕ್ಕೆ ಕೆ.ಪಿ. ರಾವ್ ಅವರ ವಿನ್ಯಾಸ ಕಲಿಯಲು ಎಷ್ಟು ಹೊತ್ತು? ಸಂಡೂರಿನ ‘ಡ’ಕ್ಕೆ ಡಬ್ಲ್ಯೂ, ಕಂಪ್ಲಿಯ ಒತ್ತಿಗೆ ಎಫ್. ಎರಡು ದಿನದಲ್ಲಿ ಬೆರಳಿಗೆ ಬರುತ್ತದೆ.

ಉರ್ದುವಿಗೆ ಅನ್ಯಾಯ ಆಗಿಲ್ಲವೇ? ಆಗಿದೆ. 2019ರಲ್ಲಿ ವಿಂಡೋಸ್ ಹತ್ತು ಭಾರತೀಯ ಭಾಷೆಗಳಿಗೆ ಉಚ್ಚಾರದ ಕೀಲಿಮಣೆ ಕೊಟ್ಟಾಗ ಕನ್ನಡ ಇತ್ತು, ಉರ್ದು ಇರಲಿಲ್ಲ. ಅದಕ್ಕೆ ಜಗಳವಾಡೋಣ. ಆದರೆ ‘ನಸ್ತಾಲೀಖ್ ಇಲ್ಲದ ಉರ್ದು ಉರ್ದುವೇ ಅಲ್ಲ’ ಎಂಬ ನೆಪ ಇನ್ನು ನಡೆಯದು. 2012ರ ವಿಂಡೋಸ್ 8ರಲ್ಲೇ ಆ ಅಕ್ಷರ ಬಂದಿದೆ.

ಮುಶಾಯಿರಾದಲ್ಲಿ ಉರ್ದುವಿನ ಗತಿಗೆ ಕಣ್ಣೀರು ಹಾಕುವವರೇ ಮನೆಗೆ ಹೋಗಿ ರೋಮನ್‌ನಲ್ಲಿ ಶೇರ್ ಕಳಿಸುತ್ತಾರೆ. ರಾಜ್ಯೋತ್ಸವದ ಭಾಷಣಕಾರರೂ ಕಡಿಮೆಯಿಲ್ಲ, ಶುಭಾಶಯ ಬರುವುದು ಇಂಗ್ಲಿಷ್ ಅಕ್ಷರದಲ್ಲೇ. ರೋಮನ್‌ನಲ್ಲಿ ಹಳ್ಳಿಯೂ ಹಲ್ಲಿಯೂ ಒಂದೇ. ಸೀನ್‌ನ ಸಬಕ್, ಸ್ವಾದ್‌ನ ಸಾಬುನ್, ಸೇಯ ಸಾಬಿತ್ ಮೂರಕ್ಕೂ ಒಂದೇ ಎಸ್. ಉರ್ದು ಶಾಲೆಯಲ್ಲಿ ಎರಡೂ ಲಿಪಿ ತಿದ್ದಿದ ಮಗುವಿಗೆ ಮೊಬೈಲು ಕೊಟ್ಟು, ಎರಡನ್ನೂ ಮರೆಸುವ ಕೆಲಸ ನಾವೇ ಮಾಡುತ್ತಿದ್ದೇವೆ. ಮೊಬೈಲಿನ ಗೋಳದ ಗುಂಡಿ ತೋರಿಸಲು ಯಾರಿಗೂ ಪುರುಸೊತ್ತಿಲ್ಲ.

ಉರ್ದು ಮನೆಗೆ, ಕನ್ನಡ ಕಚೇರಿಗೆ ಎಂದು ಪಾಲು ಮಾಡಿಕೊಂಡವರು ಒಮ್ಮೆ ಹಂಪಿಗೆ ಹೋಗಿಬನ್ನಿ. ಇಮ್ಮಡಿ ದೇವರಾಯನ ಅಧಿಕಾರಿ ಅಹ್ಮದ್ ಖಾನ್ 1439ರಲ್ಲಿ ಕಟ್ಟಿಸಿದ ಮಸೀದಿಯ ಶಾಸನ ಕನ್ನಡದಲ್ಲಿದೆ, ಅದನ್ನು ಧರ್ಮಸಾಲೆ ಎಂದಿದೆ. ಕಲ್ಲುಕುಟಿಗನಿಗೆ ಸೆಟ್ಟಿಂಗ್ಸ್ ಸೌಕರ್ಯ ಇರಲಿಲ್ಲ.

ಕತೆ ಬರೆಯುವ ನಾವೂ ಸಾಚಾ ಅಲ್ಲ. ನಮ್ಮ ಹತ್ತು ವರ್ಷದ ಕತೆಗಳು ಹಳೆಯ ಫಾಂಟಿನಲ್ಲಿ ಸಿಕ್ಕಿಕೊಂಡಿದ್ದವು. ಪರಿವರ್ತಕಕ್ಕೆ ಹಾಕಿ ಬಿಡಿಸಿ, ಒತ್ತಕ್ಷರಗಳನ್ನು ಕೂತು ತಿದ್ದಿದೆವು. ಆಮೇಲೆ ಒಂದು ಕತೆಯಲ್ಲಿ ದಾದಿಮಾ ಆಡುವ ಮಾತನ್ನು ಉರ್ದುವಿನಲ್ಲೇ, ಕನ್ನಡ ಸಾಲಿನ ನಡುವೆಯೇ ಬರೆದು ನೋಡಿದೆವು. ಪೂರ್ಣವಿರಾಮ ಮಾತ್ರ ಎಲ್ಲಿ ಹೋಗಿ ಕೂರುತ್ತದೋ ಹೇಳಲಾಗದು.

ಕಿರಿಯವಳ ಮದುವೆ ಬರುವ ಶಾಬಾನ್‌ನಲ್ಲಿ. ಈ ಸಲ ಕಾರ್ಡನ್ನು ಮನೆಯಲ್ಲೇ ಹೊಡೆಯುತ್ತಿದ್ದೇವೆ, ಎರಡೂ ಲಿಪಿ ಒಂದೇ ಕಡತದಲ್ಲಿ. ನಿಕಾಹ್ ವೇಳೆಯ ಬಗ್ಗೆ ಬೀಗರು ಇನ್ನೂ ಯೋಚಿಸುತ್ತಿದ್ದಾರೆ.