ರಸೀದಿ ಕೇಳಿದ್ರೆ ಮುಖ ಯಾಕ್ರೀ ಸಿಂಡರಿಸ್ತೀರಿ?

ಶಂಕರಪುರಂನಲ್ಲಿ ನಂದೂ ಒಂದು ಮಹಡಿ ಮನೆ ಬಾಡಿಗೆಗಿದೆ. ಹಾಗಾಗಿ ಇವತ್ತು ಬೈಯೋದು ನಮ್ಮವರನ್ನೇ! ಬೆಳಿಗ್ಗೆ ಶಂಕರಮಠದ ಹತ್ತಿರ ಸಿಕ್ಕ ಓನರೊಬ್ಬರು, "ಬಾಡಿಗೆ ಕ್ಯಾಷಲ್ಲೇ ಕೊಡಿ, ರಸೀದಿ ಕೇಳ್ಬೇಡಿ ಅಂದ್ಬಿಟ್ಟೆ. ಟ್ಯಾಕ್ಸ್ ಯಾರು ಕಟ್ತಾರೆ ಸ್ವಾಮಿ?" ಅಂದರು.

ಲೆಕ್ಕ ಹಾಕೋಣ ಬನ್ನಿ. ತಿಂಗಳಿಗೆ 20,000 ಅಂದ್ರೆ ವರ್ಷಕ್ಕೆ 2,40,000. ಮನೆ ಕಂದಾಯ 10,000 ಕಟ್ಟಿದ್ರೆ ಅದನ್ನ ಕಳೆಯಿರಿ. ಉಳಿದದ್ದರಲ್ಲಿ ಶೇ. 30, ಅಂದ್ರೆ 69,000, ಸರ್ಕಾರವೇ ಬಿಡುತ್ತೆ. ರಿಪೇರಿ ಬಿಲ್ಲು ಕೇಳಲ್ಲ. ತೆರಿಗೆ ಲೆಕ್ಕಕ್ಕೆ ಬರೋದು 1,61,000 ಮಾತ್ರ. ಆದ್ರೂ ನಲ್ಲಿ ಸೋರಿದ್ರೆ "ನೀವೇ ಮಾಡಿಸ್ಕೊಳ್ಳಿ" ಅಂತೀವಿ!

ಕಂದಾಯದಲ್ಲೂ ಅದೇ ಆಟ. 2008ರಲ್ಲಿ ಬಂದ ಯೂನಿಟ್ ಏರಿಯಾ ಪದ್ಧತಿಯಲ್ಲಿ ಬಾಡಿಗೆ ಮನೆಯ ದರ ಸ್ವಂತ ವಾಸದ ಎರಡರಷ್ಟು. ಫಾರಂನಲ್ಲಿ ಮಾತ್ರ ಇಡೀ ಕಟ್ಟಡ 'ಸ್ವಂತ ವಾಸ'. ಆಮೇಲೆ ರಸ್ತೆ ಗುಂಡಿ ನೋಡಿ ಬೈಯೋರೂ ನಾವೇ...

ಹಳೇ ತೆರಿಗೆ ಪದ್ಧತಿಯಲ್ಲಿರೋ ಬಾಡಿಗೆಯವರಿಗೆ ರಸೀದಿ ಇಲ್ಲದಿದ್ರೆ ಎಚ್‌ಆರ್‌ಎ ವಿನಾಯ್ತಿಗೆ ಕತ್ತರಿ. ನಮ್ಮ ತೆರಿಗೆ ಉಳಿಸೋಕೆ ಅವರ ಜೇಬು ಯಾಕೆ?

ನಾನೂ ಹೀಗೇ ಮಾಡಿದವನೇ. ಇದೇ ಕಾರಣಕ್ಕೆ ಒಳ್ಳೇ ಸಂಸಾರವೊಂದು ಮನೆ ಬಿಟ್ಟ ಮೇಲೆ ಬುದ್ಧಿ ಬಂತು. ಈಗ ಕೇಳೋಕ್ಮುಂಚೆ ರಸೀದಿ ಕೊಡ್ತೀನಿ.

ನೀವು?