ಬಾಟಲಿಯ ಮೇಲಿನ ಮೊಲ

ನನ್ನ ಸನ್‌ಸ್ಕ್ರೀನ್ ಬಾಟಲಿಯ ಹಿಂದೆ ಪುಟ್ಟದೊಂದು ಮೊಲದ ಚಿತ್ರವಿದೆ. ಪ್ರಾಣಿಗಳ ಮೇಲೆ ಪ್ರಯೋಗ ಮಾಡಿಲ್ಲ ಎಂದು ಅದರ ಅರ್ಥ. ಕೆಳಗಿನ ಘಟಕಗಳ ಪಟ್ಟಿಯಲ್ಲಿ ಹೋಮೊಸಾಲೇಟ್ ಎಂಬ ಹೆಸರೂ ಇದೆ. ಇವೆರಡನ್ನೂ ಒಟ್ಟಿಗೆ ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಐರೋಪ್ಯ ಒಕ್ಕೂಟ ಸೌಂದರ್ಯವರ್ಧಕಗಳಿಗಾಗಿ ಪ್ರಾಣಿಗಳನ್ನು ಬಳಸುವುದನ್ನು ಹಂತಹಂತವಾಗಿ ನಿಷೇಧಿಸಿ, 2013ರಲ್ಲಿ ಅಂಥ ವಸ್ತುಗಳ ಮಾರಾಟವನ್ನೂ ನಿಲ್ಲಿಸಿತು. ಮರುವರ್ಷ ಭಾರತವೂ ಅದೇ ದಾರಿ ಹಿಡಿಯಿತು. ಆದರೆ ಯುರೋಪಿನಲ್ಲಿ ರಾಸಾಯನಿಕಗಳ ನೋಂದಣಿಗೆ ರೀಚ್ ಎಂಬ ಇನ್ನೊಂದು ಕಾನೂನಿದೆ. ಅದರಡಿ ಐರೋಪ್ಯ ರಾಸಾಯನಿಕ ಸಂಸ್ಥೆಯು ಜರ್ಮನಿಯ ಸಿಮ್‌ರೈಸ್ ಕಂಪನಿಗೆ ಹೋಮೊಸಾಲೇಟ್ ಮತ್ತು ಆಕ್ಟಿಸಾಲೇಟ್‌ಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸಲು ಹೇಳಿತು. ಇವು ಬಳಕೆಯಾಗುವುದು ಸೌಂದರ್ಯವರ್ಧಕಗಳಲ್ಲಿ ಮಾತ್ರ ಎಂದು ಕಂಪನಿ ವಾದಿಸಿತು. ಬಳಸುವವರ ಮಾತು ಬೇರೆ, ಕಾರ್ಖಾನೆಯಲ್ಲಿ ಇವನ್ನು ಮುಟ್ಟುವ ಕಾರ್ಮಿಕರ ಮಾತು ಬೇರೆ ಎಂದಿತು ಸಂಸ್ಥೆ. 2023ರ ನವೆಂಬರಿನಲ್ಲಿ ಒಕ್ಕೂಟದ ಜನರಲ್ ಕೋರ್ಟ್ ಕಂಪನಿಯ ಅರ್ಜಿಗಳನ್ನು ತಳ್ಳಿಹಾಕಿತು. ಮುಂಬಾಗಿಲಿಗೆ ಬೀಗ, ಹಿತ್ತಿಲ ಬಾಗಿಲು ಸದಾ ತೆರೆದಿದೆ!

ಭ್ರೂಣದ ಮೇಲಿನ ಪರಿಣಾಮವನ್ನು ನೋಡುವ ಪರೀಕ್ಷೆ ಹೇಗೆ ನಡೆಯುತ್ತದೆ ಗೊತ್ತೆ? ಒಂದೊಂದು ಗುಂಪಿಗೆ ಸುಮಾರು 20 ಬಸುರಿ ಇಲಿ ಅಥವಾ ಮೊಲ. ಸಾಮಾನ್ಯವಾಗಿ ಗಂಟಲಿಗೆ ನಳಿಕೆ ಇಳಿಸಿ ದಿನವೂ ರಾಸಾಯನಿಕವನ್ನು ಹೊಟ್ಟೆಗೆ ಬಿಡುತ್ತಾರೆ. ನಾವು ಚರ್ಮಕ್ಕೆ ಹಚ್ಚುವುದನ್ನು ಅವು ನುಂಗಬೇಕು. ಹೆರಿಗೆಗೆ ತುಸು ಮುಂಚೆ ತಾಯಿಯನ್ನು ಕೊಂದು, ಗರ್ಭಕೋಶ ಸೀಳಿ, ಮರಿಗಳ ಎಲುಬು ಎಣಿಸುತ್ತಾರೆ.

"ಹಾಗಾದರೆ ಕಾರ್ಖಾನೆಯ ಬಸುರಿ ಹೆಂಗಸಿಗಿಂತ ಮೊಲ ಹೆಚ್ಚೇನೇ ನಿನಗೆ?" ಎಂದು ಲ್ಯಾಬಿನ ಗೆಳತಿ ಕೇಳಿದಳು. ಸಣ್ಣ ಪ್ರಶ್ನೆಯಲ್ಲ. ಇಡೀ ಬಸಿರನ್ನು ತಟ್ಟೆಯಲ್ಲಿಟ್ಟ ಜೀವಕೋಶಗಳಲ್ಲಿ ಮರುಸೃಷ್ಟಿಸಲು ನಮಗಿನ್ನೂ ಬರುವುದಿಲ್ಲ, ಒಪ್ಪುತ್ತೇನೆ. ಆದರೆ ಆ ಹೆಂಗಸಿನ ಮೇಲೆ ನಿಜವಾಗಿ ಕಾಳಜಿಯಿದ್ದರೆ ಮೊದಲು ಆಕೆಯ ಕೈಗೆ, ಉಸಿರಿಗೆ ಎಷ್ಟು ಸೋಕುತ್ತದೆಂದು ಅಳೆಯಬೇಕು. ಟ್ಯಾಂಕು ಮುಚ್ಚಬೇಕು, ಕೈಗವಸು ಕೊಡಬೇಕು, ರಕ್ತ ಪರೀಕ್ಷಿಸಬೇಕು. ಅಮೆರಿಕದ ಎಫ್‌ಡಿಎ ವಿಜ್ಞಾನಿಗಳು 48 ಸ್ವಯಂಸೇವಕರಿಗೆ ಸನ್‌ಸ್ಕ್ರೀನ್ ಹಚ್ಚಿ, ರಕ್ತದಲ್ಲಿ ಎಷ್ಟು ಸೇರಿತೆಂದು 2020ರಲ್ಲಿ ಪ್ರಕಟಿಸಿದರು, ಹೋಮೊಸಾಲೇಟೂ ಅದರಲ್ಲಿತ್ತು. ಅಪಾಯವಿದೆಯೋ ಇಲ್ಲವೋ ಎಂಬುದನ್ನು ಆ ಅಧ್ಯಯನ ಹೇಳುವುದಿಲ್ಲ, ನಿಜ. ಆದರೆ ಮನುಷ್ಯರ ಬಗ್ಗೆ ತಿಳಿಯಲು ಮನುಷ್ಯರನ್ನೇ, ಅವರ ಒಪ್ಪಿಗೆ ಪಡೆದು, ಕೇಳಬಹುದೆಂದು ತೋರಿಸಿತು. ಪ್ರಾಣಿ ಪರೀಕ್ಷೆ ಕೊನೆಯ ದಾರಿಯಾಗಿರಬೇಕು ಎನ್ನುವುದು ರೀಚ್ ಕಾನೂನಿನದೇ ಮಾತು.

ಅಷ್ಟಾದರೂ ಅನುಮಾನ ಉಳಿದರೆ? ಆ ರಾಸಾಯನಿಕವನ್ನು ಬಿಡೋಣ. ಇದು ಕ್ಯಾನ್ಸರಿನ ಔಷಧಿಯಲ್ಲ, ಬೇರೆ ಗತಿಯಿಲ್ಲವೆನ್ನಲು. ಜಿಂಕ್ ಆಕ್ಸೈಡ್ ಇದೆ, ಟೈಟಾನಿಯಂ ಡೈಆಕ್ಸೈಡ್ ಇದೆ. ಇವೆರಡು ಸುರಕ್ಷಿತವೆಂದು ಎಫ್‌ಡಿಎ 2019ರ ಕರಡು ನಿಯಮದಲ್ಲಿ ಹೇಳಿತ್ತು. ನಮ್ಮ ಕಂದು ಮುಖಕ್ಕೆ ಹಚ್ಚಿದರೆ ವಿಭೂತಿ ಬಳಿದಂತೆ ಕಾಣುತ್ತದೆ, ಸುಳ್ಳಲ್ಲ. ಹಾಗೆ ಕಾಣಬಾರದೆಂಬ ನನ್ನ ಆಸೆಗೆ ಎಷ್ಟು ಮೊಲಗಳು ಬೇಕು? ತುಂಬುತೋಳಿನ ಅಂಗಿ, ಕೊಡೆ ಇನ್ನೂ ಅಗ್ಗ.

ನನ್ನ ಬಾಟಲಿ ಅರ್ಧ ಉಳಿದಿದೆ. ತಯಾರಕರಿಗೆ ಒಂದು ಪತ್ರ ಬರೆದಿದ್ದೇನೆ: ಇದರಲ್ಲಿರುವ ಯಾವುದೇ ಘಟಕವನ್ನು, ಯಾವುದೇ ಕಾನೂನಿನಡಿ, 2013ರ ನಂತರ ಪ್ರಾಣಿಗಳ ಮೇಲೆ ಪರೀಕ್ಷಿಸಲಾಗಿದೆಯೇ? ಹೌದಾದರೆ ಆ ಇಸವಿಯನ್ನು ಮೊಲದ ಚಿತ್ರದ ಪಕ್ಕದಲ್ಲೇ ಮುದ್ರಿಸುವಿರಾ?